ಬೀಗರ ಹಾಡೂ ನಾಡಿನ ಒಗ್ಗಟ್ಟೂ

ನಮ್ಮ ಕಡೆಯ ಹಳೆಯ ಮದುವೆಗಳಲ್ಲಿ ಬೀಗರ ಹಾಡು ಎಂಬುದೊಂದಿತ್ತು. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಮೂಗು, ಹೊಟ್ಟೆ, ಜಿಪುಣತನಗಳನ್ನು ರಾಗವಾಗಿ ಆಡಿಕೊಳ್ಳುವರು. ಅವರ ಉಸಿರು ಮುಗಿಯುವ ಮೊದಲೇ ಗಂಡಿನ ಕಡೆಯವರು ಅದಕ್ಕೆ ಸವಾಯಿಯಾಗಿ ಉತ್ತರ ಕೊಡುವರು. ಅಷ್ಟು ಬೈಗುಳದಿಂದಲೂ ಸಂಬಂಧ ಕೆಡದಿರಲು ಕಾರಣಗಳು ಎರಡು: ಸರದಿ ಇಬ್ಬರಿಗೂ ಇತ್ತು, ಹಾಡು ಮುಗಿದ ಮೇಲೆ ಪಂಕ್ತಿಯಲ್ಲಿ ಎಲೆಯೂ ಇಬ್ಬರಿಗೂ ಇತ್ತು. ಒಂದು ನಾಡಿನೊಳಗೆ ಒಂದು ಸೀಮೆಯವರು ಇನ್ನೊಂದು ಸೀಮೆಯವರನ್ನು ಕುರಿತು ನಗುವ ನಗೆಗೂ ಇದೇ ಅಳತೆಗೋಲು ಸಾಕೆಂದು ನನ್ನ ನಂಬುಗೆ.

ಕನ್ನಡಿಗರು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತುಗಳು ವಾಚಕರಿಗೆ ಹೊಸವಲ್ಲ. ಮೈಸೂರಿನವನು ಬಾಗಿಲಲ್ಲೇ ನಿಂತು "ಊಟ ಮುಗಿಸಿಕೊಂಡೇ ಬಂದಿರಬೇಕಲ್ಲವೆ?" ಎಂದು ಉಪಚರಿಸುವನಂತೆ, ಧಾರವಾಡದವನು ಕುಶಲ ಕೇಳಿದರೂ ಜಗಳಕ್ಕೆ ಬಂದಂತೆ ತೋರುವುದಂತೆ, ಮಂಗಳೂರಿನವನು ಅಚ್ಚಾದ ಪುಸ್ತಕದಂತೆ ಮಾತನಾಡುವನಂತೆ. ಇನ್ನು, ದಕ್ಷಿಣದ ನೆಂಟನು ಧಾರವಾಡದ ಮನೆಯಲ್ಲಿ ಬೆಳಗ್ಗೆ "ತಿಂಡಿ ಆಯಿತೆ?" ಎಂದರೆ ಮನೆಯವರು ಮುಖಮುಖ ನೋಡಿಕೊಳ್ಳುವರು, ಅಲ್ಲಿ ತಿಂಡಿಯೆಂದರೆ ತುರಿಕೆ. ಈ ಕೊನೆಯದು ಪದದ ಹಾಸ್ಯ. ಅದರಿಂದ ಯಾರಿಗೂ ನೋವಿಲ್ಲ. ಎರಡು ಸೀಮೆಯವರ ಪದಭಂಡಾರವೂ ಬೆಳೆಯುತ್ತದೆ. ಮೊದಲ ಮೂರು ಸ್ವಭಾವದ ಹಾಸ್ಯ. ಅವು ಒಬ್ಬನ ಗುಣವನ್ನು ಇಡೀ ಸೀಮೆಯ ತಲೆಗೆ ಕಟ್ಟುತ್ತವೆ.

ಹೊನ್ನಾಳಿ, ನ್ಯಾಮತಿಗಳ ಸೀಮೆಯಲ್ಲಿ ಪಾಠ ಹೇಳುವ ನನಗೆ ಈ ವಿಚಾರ ಪುಸ್ತಕದ ವಿಚಾರವಲ್ಲ. ಹೊನ್ನಾಳಿಯು ಮೈಸೂರು ಸಂಸ್ಥಾನದಲ್ಲಿತ್ತು. ಹರಿಹರದ ಹೊಳೆ ದಾಟಿದರೆ ರಾಣಿಬೆನ್ನೂರು, ಅದು ಮುಂಬಯಿಗೆ ಸೇರಿದುದು. ಹರಪನಹಳ್ಳಿಯು 1953ರವರೆಗೆ ಮದರಾಸಿನದು. 1956ನೆಯ ನವೆಂಬರ್ 1ರಂದು ಇವೆಲ್ಲವೂ ಒಂದು ರಾಜ್ಯವಾದುವು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಗಡಿಯನ್ನು ಒಂದು ಶಾಸನದಿಂದ ಅಳಿಸಬಹುದು. ಗಡಿಯ ಆಚೆಯವರನ್ನು ಕುರಿತ ನಗೆಯನ್ನು ಹಾಗೆ ಅಳಿಸಲಾಗದು. ಬಹುಕಾಲ ನಮ್ಮ ಚಲನಚಿತ್ರಗಳಲ್ಲಿ ಉತ್ತರದ ಮಾತು ದೊರೆತುದು ಹೆಚ್ಚಾಗಿ ಹಾಸ್ಯಪಾತ್ರದ ಬಾಯಿಗೆ. ಅದೇ ಉತ್ತರದ ನುಡಿಯಲ್ಲಿ ಬರೆದ ಬೇಂದ್ರೆಯವರಿಗೆ 1973ರ, ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಸಂದಿತು.

ಸ್ವಭಾವದ ಹಾಸ್ಯದ ದೊಡ್ಡ ದೋಷವೆಂದರೆ ಅದು ಕಾರಣವನ್ನು ಮರೆಮಾಡುತ್ತದೆ. ಕಲಬುರಗಿ, ರಾಯಚೂರುಗಳ ಕಡೆಯವರು ಓದಿನಲ್ಲಿ ಹಿಂದೆಂದು ನಗುವವನು, ನಿಜಾಮರ ಆಳ್ವಿಕೆಯಲ್ಲಿ ಅಲ್ಲಿಯ ಕಚೇರಿಯ ಭಾಷೆ ಉರ್ದುವಾಗಿದ್ದು, ಕನ್ನಡ ಶಾಲೆಗಳು ವಿರಳವಾಗಿದ್ದುದನ್ನು ನೆನೆಯುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿಯು 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅದು ಅಳೆದುದು ಶಾಲೆ, ಆಸ್ಪತ್ರೆ, ರಸ್ತೆ ಮೊದಲಾದುವನ್ನು, ಜನರ ಸ್ವಭಾವವನ್ನಲ್ಲ.

ನಮ್ಮ ಏಕೀಕರಣವಾದ ಐದು ತಿಂಗಳಿಗೆ, 1957ನೆಯ ಮಾರ್ಚ್ 25ರಂದು, ಯೂರೋಪಿನ ಆರು ದೇಶಗಳು ರೋಮಿನಲ್ಲಿ ಒಪ್ಪಂದ ಮಾಡಿಕೊಂಡು ಒಕ್ಕೂಟಕ್ಕೆ ತಳಹದಿ ಹಾಕಿದುವು. ಅಲ್ಲಿಯೂ ಫ್ರೆಂಚರು ಬೆಲ್ಜಿಯಮಿನವರನ್ನು, ಇಂಗ್ಲಿಷರು ಐರಿಷರನ್ನು ದಡ್ಡರೆಂದು ನಗುವುದು ವಾಡಿಕೆ. 2009ರಲ್ಲಿ ಒಬ್ಬ ಚೆಕ್ ಶಿಲ್ಪಿ ಬ್ರಸೆಲ್ಸಿನ ಒಕ್ಕೂಟದ ಕಟ್ಟಡದಲ್ಲಿ ಪ್ರತಿ ದೇಶವನ್ನೂ ಅದರ ಮೇಲಿನ ಗೇಲಿಯ ರೂಪದಲ್ಲಿಯೇ ನಿಲ್ಲಿಸಿದನು. ತನ್ನನ್ನು ಶೌಚಾಲಯವಾಗಿ ತೋರಿಸಿದುದಕ್ಕೆ ಬಲ್ಗೇರಿಯ ಪ್ರತಿಭಟಿಸಿತು. ಆ ಭಾಗಕ್ಕೆ ಕಪ್ಪು ಬಟ್ಟೆ ಹೊದಿಸಬೇಕಾಯಿತು. ಒಕ್ಕೂಟಕ್ಕೆ ಸೇರಿ ಎರಡೇ ವರ್ಷವಾಗಿದ್ದ ಬಡ ನೆಂಟನಿಗೆ ಆ ಹಾಡು ಬೀಗರ ಹಾಡಾಗಿ ಕೇಳಲಿಲ್ಲ. ಇಂತಹ ಚಾಟೂಕ್ತಿಗಳನ್ನು ಕಲೆಹಾಕಿದ ಸಮಾಜಶಾಸ್ತ್ರಜ್ಞ ಕ್ರಿಸ್ಟೀ ಡೇವಿಸ್ ಅವರ ಮತದಲ್ಲಿ ಹಾಸ್ಯವು ಜ್ವರವನ್ನು ತೋರಿಸುವ ಕಡ್ಡಿಯೇ ಹೊರತು ಜ್ವರವನ್ನು ತರುವುದಲ್ಲ. ಒಪ್ಪಬಹುದಾದ ಮಾತು. ಆದರೆ ಕಡ್ಡಿಯಲ್ಲಿ ಜ್ವರ ಕಂಡ ಮೇಲೆ ಮನೆಯವರು ಸುಮ್ಮನಿರಬಹುದೆ?

ನಮ್ಮಲ್ಲಿ ಆ ಜ್ವರ ಸ್ಪಷ್ಟವಾಗಿ ಕಾಣುವುದು ಲಂಬಾಣಿಗಳನ್ನು ಕುರಿತ ನಗೆಯಲ್ಲಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಪರಂಪರೆಯಂತೆ ಅವರು ಹುಟ್ಟಿದುದು 1739ರಲ್ಲಿ. ಪ್ರತಿ ಫೆಬ್ರವರಿಯಲ್ಲಿ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಬರುವ ಬಂಜಾರರು ಅಲ್ಲಿ ಒಂದೇ ಮಾತಿನಲ್ಲಿ ಕಲೆಯುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶದ ಉದ್ದಗಲ ನಡೆದ ಜನ ಇವರು. ರೈಲು ಬಂದು ಆ ಕಸುಬು ಕುಸಿಯಿತು. 1871ರಲ್ಲಿ ಬ್ರಿಟಿಷರು ತಂದ ಕಾನೂನು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. ಮುಂದೆ ಕೆಲವು ಪ್ರಾಂತಗಳಲ್ಲಿ ಇವರ ಹೆಸರೂ ಆ ಪಟ್ಟಿಗೆ ಸೇರಿತು. 1952ರಲ್ಲಿ ಆ ಕಾನೂನು ಹೋಯಿತು; ನಮ್ಮ ರಂಗದ ಮೇಲಿನ ಕುಡುಕ ಲಂಬಾಣಿ ಹೋಗಲಿಲ್ಲ.

ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಅಂತಹ ಪ್ರಹಸನವೊಂದನ್ನು ನೋಡಿದ ಮರುದಿನ, ತಾಂಡಾದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು: "ಸಾರ್, ನಮ್ಮವರು ನಾಟಕದಲ್ಲಿ ಕುಡಿದೇ ಬರಬೇಕೆ?" ಹಿಂದಿನ ಸಂಜೆ ಅವಳೂ ಎಲ್ಲರೊಡನೆ ನಕ್ಕಿದ್ದಳು, ನಗದಿದ್ದರೆ ತಾನು ಯಾರೆಂದು ಗೊತ್ತಾಗುತ್ತಿತ್ತಂತೆ. ಒಂದು ನಾಡಿನ ಒಗ್ಗಟ್ಟಿಗೆ ತಗಲುವ ನಷ್ಟ ಇಂತಹ ನಗೆಯಲ್ಲಿದೆ.

ಹಾಗೆಂದು ಹಾಸ್ಯಕ್ಕೆ ಪಹರೆ ಹಾಕಬೇಕೆಂದು ನಾನು ಹೇಳುವುದಿಲ್ಲ. 1913ರಲ್ಲಿ ಅದೇ ಹರಪನಹಳ್ಳಿಯಲ್ಲಿ ಹುಟ್ಟಿದ ಬೀchi ಎಂದೇ ಹೆಸರಾದ ಬೀಚಿಯವರ ತಿಮ್ಮನನ್ನು ನೋಡಿ. ಅವನು ಪೆದ್ದನೂ ಹೌದು, ಜಾಣನೂ ಹೌದು. ಆದರೆ ಅವನ ಪೆದ್ದತನಕ್ಕೆ ಜಿಲ್ಲೆಯಿಲ್ಲ, ಜಾತಿಯಿಲ್ಲ. ಆದುದರಿಂದಲೇ ಎಲ್ಲ ಸೀಮೆಯವರೂ ಅವನಲ್ಲಿ ತಮ್ಮನ್ನೇ ಕಂಡು ನಕ್ಕರು.

ಆ ಹುಡುಗಿಗೆ ನಾನು ಹೇಳಿದುದು ಇಷ್ಟೇ: "ಬರೆಯುವವಳು ನೀನಾದರೆ ಬೇಡ." ಮುಂದಿನ ವರ್ಷ ಅವಳು ಪ್ರಹಸನ ಬರೆದಳು. ಅದರಲ್ಲಿ ಮೂರು ಭಾಷೆ ಬಲ್ಲ ತಾಂಡಾದ ಅಜ್ಜಿಯೊಬ್ಬಳು, ಒಂದು ಭಾಷೆಯನ್ನೂ ನೆಟ್ಟಗೆ ಆಡಲಾರದ ಅಧಿಕಾರಿಗೆ ಅವನ ಅರ್ಜಿಯ ನಮೂನೆಯನ್ನೇ ಬಿಡಿಸಿ ಹೇಳುತ್ತಾಳೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಧಿಕಾರಿಗಳು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.