ಹಡಗು ನಿಂತಷ್ಟು ಹೊತ್ತಿನಲ್ಲಿ

ಮಯಾಮಿಯಿಂದಲೋ ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಿಂದಲೋ ಹೊರಟು ಪಶ್ಚಿಮ ಕೆರಿಬಿಯನ್ ಸುತ್ತಿಬರುವ ಕ್ರೂಸ್ ಹಡಗುಗಳು ಒಂದೊಂದು ಬಂದರಿನಲ್ಲಿ ಸಾಮಾನ್ಯವಾಗಿ ಎಂಟರಿಂದ ಹತ್ತು ಗಂಟೆ ನಿಲ್ಲುತ್ತವೆ. ಅಷ್ಟರಲ್ಲಿ ಮಾಯಾ ಜನ ಕಟ್ಟಿದ ಪಾಳುನಗರವೊಂದನ್ನು ನೋಡಿ ಬರಬಹುದು. ಒಂದನ್ನು ಮಾತ್ರ. ಪ್ರವಾಸಗಳ ಪಟ್ಟಿ ಕೈಗೆ ಬಂದೊಡನೆ ಹೆಚ್ಚಿನವರು ಚಿಚೆನ್ ಇಟ್ಜಾ ಎಲ್ಲಿದೆ ಎಂದು ಹುಡುಕುತ್ತಾರೆ. ಅದಕ್ಕೂ ಮೊದಲು ತಮ್ಮ ಹಡಗು ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳುವುದು ಮೇಲು.

ಹೆಚ್ಚು ಹಡಗುಗಳು ನಿಲ್ಲುವುದು ಮೆಕ್ಸಿಕೊದ ಕೊಸುಮೆಲ್‌ನಲ್ಲಿ. ಅದೊಂದು ದ್ವೀಪ. ಚಿಚೆನ್ ಇಟ್ಜಾ ಇರುವುದು ಮುಖ್ಯಭೂಮಿಯ ಒಳಗೆ. ಮುಕ್ಕಾಲು ಗಂಟೆ ದೋಣಿಯಲ್ಲಿ ಹೋಗಿ ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ಇಳಿಯಬೇಕು, ಅಲ್ಲಿಂದ ಮತ್ತೆ ಎರಡು ಗಂಟೆಗೂ ಮಿಕ್ಕಿ ಬಸ್ಸು. ಬರುವಾಗಲೂ ಅಷ್ಟೇ. ನಾಲ್ಕು ಬದಿಗೂ 91 ಮೆಟ್ಟಿಲು, ತುದಿಯ ಒಂದು ಸೇರಿ ವರ್ಷದ 365 ದಿನಗಳ ಲೆಕ್ಕ ಹೇಳುವ ಪಿರಮಿಡ್ ದೊಡ್ಡದೇ, ಸುಂದರವೇ. ಆದರೆ ಅದನ್ನು ಏರಲು ಈಗ ಬಿಡುವುದಿಲ್ಲ. ಕೆಳಗೆ ನಿಂತು ನೋಡುವ ಒಂದೂವರೆ ಗಂಟೆಗಾಗಿ ಆರು ಗಂಟೆ ಕೂತು ಬರುವುದು ನನಗಂತೂ ಒಗ್ಗದ ವ್ಯಾಪಾರ.

ಕೊಸುಮೆಲ್‌ನಲ್ಲಿ ಇಳಿದವರಿಗೆ ತುಲುಮ್ ಹತ್ತಿರ. ಪ್ಲಾಯಾದಿಂದ ಒಂದು ಗಂಟೆಯ ದಾರಿ. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಕಡಿದಾದ ಬಂಡೆ, ಅದರ ಕೆಳಗೆ ಸಮುದ್ರ. ಕಟ್ಟಡಗಳ ಕೆಲಸ ಅಂಥ ನಾಜೂಕಿನದಲ್ಲ, ಕಣ್ಣು ತುಂಬುವುದು ಅವು ನಿಂತ ಜಾಗ. ಪುಟ್ಟ ಮಕ್ಕಳೋ ಮಂಡಿನೋವಿನ ಹಿರಿಯರೋ ಜೊತೆಗಿದ್ದರೆ ದೋಣಿಯ ಗೊಡವೆಯೇ ಬೇಡ, ದ್ವೀಪದೊಳಗೇ ಸಾನ್ ಹೆರ್ವಾಸಿಯೊ ಇದೆ. ಹೆರಿಗೆ ಕಾಯುವ ದೇವತೆ ಇಶ್ಚೆಲ್‌ಗೆ ಹರಕೆ ಹೊತ್ತು ಹೆಂಗಸರು ದೋಣಿಗಳಲ್ಲಿ ಸಮುದ್ರ ದಾಟಿ ಬರುತ್ತಿದ್ದ ಕ್ಷೇತ್ರ ಅದು. ಗುಡಿಗಳು ಗಿಡ್ಡ, ಮರದ ನೆರಳು ಧಾರಾಳ.

ನಿಮ್ಮ ಹಡಗು ಪ್ರೊಗ್ರೆಸೊಗೆ ಹೋಗುವುದಾದರೆ ಲೆಕ್ಕವೇ ಬೇರೆ. ಇಲ್ಲಿ ಸಮುದ್ರದ ತಳ ಎಷ್ಟು ದೂರ ಹೋದರೂ ಆಳವಾಗದ ಸುಣ್ಣಕಲ್ಲಿನ ಹಾಸು. ಹಾಗಾಗಿ ದೊಡ್ಡ ಹಡಗಿಗೆ ನೀರು ಸಿಗಲೆಂದು ದಕ್ಕೆಯನ್ನು ಆರು ಕಿಲೋಮೀಟರಿಗೂ ಹೆಚ್ಚು ಉದ್ದ ಕಟ್ಟಿದ್ದಾರೆ. ಪಕ್ಕದ ಊರೇ ಚಿಕ್ಶುಲುಬ್. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಆಕಾಶಕಲ್ಲು ಬಿದ್ದದ್ದು ಈ ಭಾಗದಲ್ಲೇ. ಈ ಯುಕತಾನ್ ಪರ್ಯಾಯದ್ವೀಪದ ಉತ್ತರದಲ್ಲಿ ನೆಲದ ಮೇಲೆ ಹರಿಯುವ ಹೊಳೆಗಳಿಲ್ಲ. ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನೊಳಗೆ ಇಂಗುತ್ತದೆ. ಕಲ್ಲಿನ ಮೇಲ್ಪದರ ಕುಸಿದು ಬಾಯ್ದೆರೆದ ಕಡೆ ಆಳದ ನೀರು ಕಾಣುತ್ತದೆ. ಅವೇ ಸಿನೋಟೆಗಳು. ಚಿಚೆನ್ ಇಟ್ಜಾ ಬೆಳೆದದ್ದು ಇಂಥ ಸಿನೋಟೆಗಳ ದಡದಲ್ಲಿ. ಪ್ರೊಗ್ರೆಸೊದಿಂದ ಅದು ಎರಡು ಗಂಟೆ ಚಿಲ್ಲರೆ.

ಸುಮಾರು ಅಷ್ಟೇ ಹೊತ್ತಿನ ದಾರಿಯಲ್ಲಿ ಉಶ್ಮಾಲ್ ಇದೆ. ನನ್ನ ಓಟು ಅದಕ್ಕೆ. ಪೂಕ್ ಗುಡ್ಡಗಳ ಈ ಸೀಮೆಯಲ್ಲಿ ಅಂತರ್ಜಲ ತೀರ ಆಳ, ಸಿನೋಟೆಯೂ ಕೈಗೆಟುಕದು. ಅಂಗಳದ ಮಳೆನೀರನ್ನು ನೆಲದಡಿಯ ಗಾರೆ ತೊಟ್ಟಿಗಳಿಗೆ ಇಳಿಸಿಕೊಂಡು ಒಂದು ಇಡೀ ನಗರ ಬದುಕಿತು. ಮಳೆರಾಯ ಚಾಕ್‌ನ ಮುಖ ಗೋಡೆಗಳ ತುಂಬ ಯಾಕೆ ಎಂದು ಬೇರೆ ಹೇಳಬೇಕಿಲ್ಲ. ಬಾಗಿದ ಉದ್ದ ಮೂಗು ನಮ್ಮ ಕಣ್ಣಿಗೆ ಸೊಂಡಿಲಿನಂತೆಯೇ ಕಾಣುತ್ತದೆ, ಗಣಪ ಇಲ್ಲಿಗೂ ಬಂದಿದ್ದನೆಂದು ಯಾರಾದರೂ ಕಥೆ ಕಟ್ಟಿದರೆ ನಂಬಬೇಡಿ. ಮಾಯಾ ನಾಡಿನಲ್ಲಿ ಆನೆಗಳಿರಲಿಲ್ಲ. ಇಲ್ಲಿಯ ದೊಡ್ಡ ಪಿರಮಿಡ್‌ಗೆ ಚೂಪು ಮೂಲೆಗಳಿಲ್ಲ, ದುಂಡಗೆ ತಿರುಗಿದೆ. ಇದೂ ಅಪರೂಪ.

ಕೋಸ್ತಾ ಮಾಯಾದಲ್ಲಿ ಇಳಿದವರಿಗೆ ಒಂದು ಗಂಟೆಯ ದೂರದಲ್ಲಿ ಕಾಡಿನ ನಡುವೆ ಚಾಕ್ಚೊಬೆನ್ ಇದೆ, ಗದ್ದಲ ಕಡಿಮೆ. ಬೆಲೀಜ್ ಸಿಟಿಯಲ್ಲಿ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಿ ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡ ಸೇರಿಸುತ್ತವೆ, ಅದಕ್ಕೂ ಸಮಯ ತೆಗೆದಿಡಿ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಆಲ್ಟುನ್ ಹಾದಲ್ಲಿ 1968ರಲ್ಲಿ ನಾಲ್ಕು ಕಿಲೋಗೂ ಹೆಚ್ಚು ತೂಗುವ ಸೂರ್ಯದೇವನ ಜೇಡ್ ಕಲ್ಲಿನ ತಲೆ ಸಿಕ್ಕಿತ್ತು. ನದಿಯ ಮೇಲೆ ದೋಣಿಯಲ್ಲಿ ಹೋಗುವ ಲಾಮನೈ ಇನ್ನೂ ಚೆಂದ. ಉಳಿದ ನಗರಗಳು ಬರಿದಾದ ಮೇಲೂ ಅಲ್ಲಿ ಜನ ಬಾಳಿದರು, ಸ್ಪೇನಿನವರು ಬರುವ ತನಕವೂ. ಮಾಯಾ ಜನ ಮಾಯವಾದರು ಎಂಬುದು ಬರೀ ಕಟ್ಟುಕಥೆ. ಯುಕತೆಕ್ ಮಾಯಾ ನುಡಿಯನ್ನು ಮೆಕ್ಸಿಕೊದಲ್ಲಿ ಇಂದಿಗೂ ಏಳು ಲಕ್ಷಕ್ಕೂ ಹೆಚ್ಚು ಮಂದಿ ಆಡುತ್ತಾರೆ. ಗೈಡ್ ಅವರಲ್ಲೊಬ್ಬರಾದರೆ ಕಲ್ಲುಗಳ ಜೊತೆ ಅವರ ಅಡುಗೆ, ಮೆಕ್ಕೆಜೋಳದ ಹೊಲಗಳ ಬಗ್ಗೆಯೂ ಕೇಳಿ.

ಇನ್ನು ಗಡಿಯಾರದ ವಿಷಯ. ಕೊಸುಮೆಲ್, ಕೋಸ್ತಾ ಮಾಯಾ ಇರುವ ಕಿಂತಾನಾ ರೂ ರಾಜ್ಯಕ್ಕೂ ಪ್ರೊಗ್ರೆಸೊ, ಚಿಚೆನ್ ಇಟ್ಜಾ ಇರುವ ಯುಕತಾನ್ ರಾಜ್ಯಕ್ಕೂ ಒಂದು ಗಂಟೆಯ ವ್ಯತ್ಯಾಸ. ಹಡಗಿನ ಸಮಯ ಇವೆರಡಕ್ಕೂ ಹೊಂದದೇ ಇರಬಹುದು. ದಡಕ್ಕೆ ಇಳಿದೊಡನೆ ಮೊಬೈಲ್ ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ. ಹಡಗಿನ ಕಂಪನಿಯೇ ಮಾರುವ ಪ್ರವಾಸಕ್ಕೆ ದುಡ್ಡು ಹೆಚ್ಚು, ಗುಂಪು ದೊಡ್ಡದು. ಆದರೆ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಹೊರಗಿನವರ ವ್ಯಾನು ಅಗ್ಗ, ಹತ್ತು ಜನರ ನಡುವೆ ಗೈಡ್ ಮಾತೂ ಕೇಳಿಸುತ್ತದೆ. ತಡವಾದರೆ ಮಾತ್ರ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಡಗು ಹಿಡಿಯಬೇಕು. ಸಾನ್ ಹೆರ್ವಾಸಿಯೊಗೆ ದಕ್ಕೆಯ ಹೊರಗೆ ಸಿಗುವ ಟ್ಯಾಕ್ಸಿ ಸಾಕು. ಉಶ್ಮಾಲ್, ಚಿಚೆನ್ ಇಟ್ಜಾದಂಥ ದೂರದ ಜಾಗಗಳಿಗೆ ಹಡಗಿನವರ ಬಸ್ಸನ್ನೇ ಹತ್ತಿ.