ಆನ್‌ಲೈನ್ ಅರ್ಜಿ ನಮೂನೆಗಳು ಎಲ್ಲ ಬ್ರೌಸರ್‌ಗಳಲ್ಲಿ ಒಂದೇ ರೀತಿ ಕಾರ್ಯನಿರ್ವಹಿಸುವ ಬಗ್ಗೆ ಮಾಹಿತಿ

ತಾಂಡವಪುರದ ಹಿರಿಯ ನಾಗರಿಕರೊಬ್ಬರು ಸಂಧ್ಯಾ ಸುರಕ್ಷಾ ಪಿಂಚಣಿಗಾಗಿ ಮೊಬೈಲ್‌ನಲ್ಲಿ ಅರ್ಜಿ ಭರ್ತಿ ಮಾಡಿ, ಜನ್ಮ ದಿನಾಂಕವನ್ನು 05-06-1959 ಎಂದು ನಮೂದಿಸಿದರೆಂದು ಭಾವಿಸೋಣ. ಇದು ಜೂನ್ 5. ಆದರೆ ನಮೂನೆಯ ಹಿಂದಿರುವ ಜಾವಾಸ್ಕ್ರಿಪ್ಟ್ ಇದನ್ನು ಮೇ 6 ಎಂದು ಓದಬಹುದು. ಆಗ ವಯಸ್ಸಿನ ಲೆಕ್ಕ ತಪ್ಪುತ್ತದೆ, ಆಧಾರ್‌ನೊಂದಿಗೆ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುವ ಸಂಭವವಿರುತ್ತದೆ.

ಕಾರಣ:
ಜಾವಾಸ್ಕ್ರಿಪ್ಟ್ ಭಾಷೆಯು 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ಗಾಗಿ ರಚಿತವಾಯಿತು. 1997ರಲ್ಲಿ ಇದಕ್ಕೆ ಎಕ್ಮಾಸ್ಕ್ರಿಪ್ಟ್ ಎಂಬ ಮಾನಕ ದೊರೆಯಿತು. 2009ರಲ್ಲಿ ಬಂದ ನೋಡ್ ಜೆಎಸ್‌ನಿಂದ ಇದೇ ಭಾಷೆ ಸರ್ವರ್‌ನಲ್ಲಿಯೂ ವ್ಯಾಪಕವಾಗಿ ಬಳಕೆಗೆ ಬಂದಿತು. ಹೀಗಾಗಿ ಒಂದೇ ಪರಿಶೀಲನಾ ವಿಧಿಯು ಅರ್ಜಿದಾರರ ಮೊಬೈಲ್‌ನಲ್ಲಿಯೂ ಸರ್ವರ್‌ನಲ್ಲಿಯೂ ನಡೆಯಬಹುದು. ಮಾನಕವು ಖಚಿತಪಡಿಸದ ವಿಷಯಗಳಲ್ಲಿ ಎರಡೂ ಕಡೆ ಫಲಿತಾಂಶ ಒಂದೇ ಇರಬೇಕೆಂದಿಲ್ಲ.

ನಮೂನೆ ಸಿದ್ಧಪಡಿಸುವವರು ಗಮನಿಸಬೇಕಾದ ಅಂಶಗಳು:

1. ದಿನಾಂಕ: ದಿನ, ತಿಂಗಳು, ವರ್ಷಗಳನ್ನು ಪ್ರತ್ಯೇಕವಾಗಿ ಪಡೆದು, ವರ್ಷ-ತಿಂಗಳು-ದಿನ ಕ್ರಮದ ಪಠ್ಯವಾಗಿಯೇ ಉಳಿಸತಕ್ಕದ್ದು. ಭಾರತೀಯ ಕಾಲಮಾನವು ವಿಶ್ವ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಆದ್ದರಿಂದ ಇಲ್ಲಿ ಜೂನ್ 5 ಆರಂಭವಾಗುವಾಗ ವಿಶ್ವ ಕಾಲಮಾನದಲ್ಲಿ ಜೂನ್ 4ರ ಸಂಜೆ 6-30 ಆಗಿರುತ್ತದೆ. ಪರಿವರ್ತನೆಯಲ್ಲಿ ಒಂದು ದಿನವೇ ಹಿಂದೆ ಸರಿಯಬಹುದು.

2. ಅಂಕಿಗಳು: ೧, ೨, ೩ ಎಂಬ ಕನ್ನಡ ಅಂಕಿಗಳನ್ನು ಜಾವಾಸ್ಕ್ರಿಪ್ಟ್ ತಾನಾಗಿಯೇ ಸಂಖ್ಯೆಯೆಂದು ಪರಿಗಣಿಸುವುದಿಲ್ಲ. ಮೊದಲು ಅವುಗಳನ್ನು 1, 2, 3 ಆಗಿ ಪರಿವರ್ತಿಸತಕ್ಕದ್ದು.

3. ಹೆಸರು: ಯೂನಿಕೋಡ್‌ನಲ್ಲಿ “ಗೋ” ಎಂಬ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ವಿಧದಲ್ಲಿ ಸಂಗ್ರಹಿಸಬಹುದು. ಕಣ್ಣಿಗೆ ಒಂದೇ ಆಗಿ ಕಂಡರೂ ಹೋಲಿಕೆಯಲ್ಲಿ ಬೇರೆಯಾಗುತ್ತದೆ. ಎರಡೂ ಹೆಸರುಗಳನ್ನು ನಾರ್ಮಲೈಸ್ ಮಾಡಿದ ನಂತರವೇ ತಾಳೆ ನೋಡುವುದು.

4. ಕನ್ನಡ ತಿಂಗಳ ಹೆಸರುಗಳು: 2019ರ 13ನೇ ಆವೃತ್ತಿಗೆ ಮುಂಚಿನ ನೋಡ್ ಜೆಎಸ್‌ನಲ್ಲಿ ಕನ್ನಡದ ದತ್ತಾಂಶ ಸಾಮಾನ್ಯವಾಗಿ ಸೇರಿರಲಿಲ್ಲ. ಇಂತಹ ಸರ್ವರ್‌ಗಳಲ್ಲಿ ತಿಂಗಳ ಹೆಸರು ಇಂಗ್ಲಿಷಿನಲ್ಲಿ ಮುದ್ರಿತವಾಗುತ್ತದೆ.

5. ಪರಿಸರ: “ವಿಂಡೋ” ಎಂಬುದು ಬ್ರೌಸರ್‌ನಲ್ಲಿ ಇರುತ್ತದೆ, ನೋಡ್ ಜೆಎಸ್‌ನಲ್ಲಿ ಇರುವುದಿಲ್ಲ. ಎರಡೂ ಕಡೆ ಲಭ್ಯವಿರುವ “ಗ್ಲೋಬಲ್‌ದಿಸ್” 2020ರ ಮಾನಕದಲ್ಲಿ ಸೇರಿದೆ. ಬ್ರೌಸರ್‌ನ ಹೆಸರು ನೋಡಿ ನಿರ್ಧರಿಸದೆ, ಬೇಕಾದ ಸೌಲಭ್ಯ ಇದೆಯೇ ಎಂದು ಪರೀಕ್ಷಿಸಿಕೊಳ್ಳತಕ್ಕದ್ದು.

ಅರ್ಜಿದಾರರ ಗಮನಕ್ಕೆ:
ಅರ್ಜಿ ಸಲ್ಲಿಸುವ ಮುನ್ನ ಹಾಗೂ ಸ್ವೀಕೃತಿ ಪತ್ರ ಪಡೆದ ನಂತರ ಹೆಸರು ಮತ್ತು ಜನ್ಮ ದಿನಾಂಕವನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡುವುದು. ವ್ಯತ್ಯಾಸ ಕಂಡುಬಂದಲ್ಲಿ ಪರದೆಯ ಪ್ರತಿ ಮತ್ತು ಬಳಸಿದ ಬ್ರೌಸರ್‌ನ ಹೆಸರನ್ನು ಇಟ್ಟುಕೊಂಡು, ಅರ್ಜಿ ಸಂಖ್ಯೆಯೊಂದಿಗೆ ಕೂಡಲೇ ಸಂಬಂಧಿಸಿದ ಕಚೇರಿಯ ಗಮನಕ್ಕೆ ತರಲು ಕೋರಲಾಗಿದೆ.