ಮಡಚುವ ಮಾಲೀಸು ಮೇಜು: ಕೊಳ್ಳುವ ಮುನ್ನ ನಾಲ್ಕು ಮಾತು

ಅಡಿಕೆ ಸುಲಿದು, ಕಾಫಿ ಒಣಗಿಸಿ ಚೀಲ ತುಂಬಿಸುವ ಹೊತ್ತಿಗೆ ನಮ್ಮ ಬೆಳೆಗಾರರ ಮನೆಗಳಲ್ಲಿ ಕೇಳಿಬರುವುದು ಧಾರಣೆಯ ಮಾತು ಮಾತ್ರವಲ್ಲ, ಸೊಂಟನೋವಿನ ಮಾತೂ ಹೌದು. ಬಗ್ಗಿ ಹಣ್ಣು ಹೆಕ್ಕಿದವರಿಗೆ ಬೆನ್ನು, ಗೊನೆ ಹೊತ್ತವರಿಗೆ ಹೆಗಲು, ದಿನವಿಡೀ ಕುಳಿತು ಅಡಿಕೆ ಸುಲಿದವರಿಗೆ ಮೊಣಕಾಲು. ಸಂಜೆ ಎಣ್ಣೆ ಬಿಸಿಮಾಡಿ ಮೈಗೆ ತಿಕ್ಕುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಹೊಸದೆಂದರೆ, ಪೇಟೆಯಲ್ಲಿ ನೌಕರಿಯಲ್ಲಿರುವ ಮಕ್ಕಳು ಊರಿನ ತಂದೆತಾಯಿಗೆ ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಮಾಲೀಸು ಮೇಜನ್ನು ತರಿಸಿಕೊಡುತ್ತಿರುವುದು. ಅಂಥದೊಂದನ್ನು ಕೊಳ್ಳಬಹುದೇ, ಕೊಂಡರೆ ಯಾವುದನ್ನು ಎಂದು ಕೆಲವು ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸಿದ್ದುಂಟು. ಬೆಲೆ ಕೆಲವು ಸಾವಿರದಿಂದ ಹತ್ತಾರು ಸಾವಿರದವರೆಗೆ ಇರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ನಿಪ್ಪಾಣಿಯಲ್ಲಿ ಕಂಡದ್ದು

ಈ ಮೇಜಿನ ಮರ್ಮ ನಮಗೆ ತಿಳಿದದ್ದು ದೂರದ ನಿಪ್ಪಾಣಿಯಲ್ಲಿ. ಕೊಲ್ಲಾಪುರದ ಬೆಲ್ಲದ ಪೇಟೆಯನ್ನು ನೋಡಿಕೊಂಡು ಹಿಂದಿರುಗುವಾಗ ನಾವು ಕೆಲವರು ಅಲ್ಲಿನ ತಂಬಾಕು ಬೆಳೆಗಾರರೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆವು. ಯೋಗ್ಯ ಬೆಲೆಗಾಗಿ 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನಡೆಸಿದ ಚಳವಳಿಯೂ, ಅಂದಿನ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತದ್ದೂ ನಮ್ಮ ಹಿರಿಯ ಸದಸ್ಯರಿಗೆ ನೆನಪಿದ್ದೀತು. ಆ ಸೀಮೆ ಕುಸ್ತಿಗೂ ಹೆಸರಾದದ್ದು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರ ಕಾಲದಲ್ಲಿ ಕಟ್ಟಿದ ಖಾಸಬಾಗ್ ಮೈದಾನ ಅಲ್ಲಿಂದ ಹೆಚ್ಚು ದೂರವಿಲ್ಲ. ಗರಡಿಮನೆಗೆ ಆ ಕಡೆ ತಾಲೀಮು ಎನ್ನುತ್ತಾರೆ, ಪಟ್ಟು ಕಲಿಸುವ ಗುರುವಿಗೆ ವಸ್ತಾದ. ಸಾಮು ಮುಗಿದ ಮೇಲೆ ಪೈಲವಾನರು ನೆಲದ ಮೇಲೆಯೇ ಒಬ್ಬರಿಗೊಬ್ಬರು ಮೈ ತಿಕ್ಕಿಕೊಳ್ಳುವುದು ಅಲ್ಲಿಯ ರೂಢಿ.

ನಾವು ತಂಗಿದ್ದ ಮನೆಯ ಹಿರಿಯ ತಾಯಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಮಡಚಲಾಗದು. ಚಾಪೆಯ ಮೇಲೆ ಮಲಗಿಸಿದರೆ ಎಬ್ಬಿಸಲು ಇಬ್ಬರು ಬೇಕು. ಬೆಳಗ್ಗೆ ಅವರಿಗೆ ಎಣ್ಣೆ ತಿಕ್ಕಲು ಹಳೆಯ ಪೈಲವಾನರೊಬ್ಬರು ಆಟೋದಲ್ಲಿ ಮಡಚುವ ಮೇಜು ತಂದಿಳಿಸಿದರು. ಮೇಜನ್ನು ಬಿಡಿಸಿ, ಕಾಲುಗಳ ತಿರುಪು ಬಿಗಿದು, ಪಕ್ಕದಲ್ಲಿ ನೆಟ್ಟಗೆ ನಿಂತು, ಮುಷ್ಟಿಯನ್ನು ಇಳಿಬಿಟ್ಟು ಮೇಜಿಗೆ ತಾಗುತ್ತದೆಯೇ ಎಂದು ನೋಡಿದರು. ಅನಂತರವೇ, “ಆಯಿ, ನಡುವ ಕುಂದರ್ರಿ, ತುದೀಗೆ ಬ್ಯಾಡ” ಎಂದು ಅವರ ಕೈಹಿಡಿದು ಕೂರಿಸಿದರು.

“ವಸ್ತಾದರೇ, ತಾಲೀಮಿನ ನೆಲದ ಮೇಲೆ ಬೆಳೆದವರು ನೀವು. ನಿಮಗೆ ಈ ಮೇಜೇಕೆ?” ಎಂದು ಕೇಳಿದೆವು.

“ನೆಲದ ಮ್ಯಾಲೆ ಕುಂತು ತಿಕ್ಕಿ ತಿಕ್ಕಿ ನನ್ನ ನಡಾನ ಹೋತ್ರೀ ಸಾಹೇಬ್ರ. ಈ ಮೇಜು ಮಲಗೋರ ಸಲುವಾಗಿ ಅಲ್ಲ, ತಿಕ್ಕೋರ ಸಲುವಾಗಿ” ಎಂದರು.

ಕೊಳ್ಳುವವರು ನೆನಪಿಡಬೇಕಾದ ಮಾತು ಇದೇ. ನಾವು ಮೇಜಿನ ಮೆತ್ತೆಯನ್ನು ಒತ್ತಿ ನೋಡಿ, ಮಲಗಿದರೆ ಹಿತವಾಗಿದೆಯೇ ಎಂದಷ್ಟೇ ಕೇಳುತ್ತೇವೆ. ಅತ್ತೆಗೆ ದಿನವೂ ಎಣ್ಣೆ ತಿಕ್ಕುವ ಸೊಸೆಯ ಬೆನ್ನನ್ನು ಯಾರೂ ಕೇಳುವುದಿಲ್ಲ. ಒಬ್ಬರ ಸೊಂಟನೋವು ಇನ್ನೊಬ್ಬರ ಸೊಂಟಕ್ಕೆ ದಾಟಿದರೆ ಖರ್ಚು ಮಾಡಿ ಫಲವೇನು?

ಮೊದಲು ಎತ್ತರ

ಆದ್ದರಿಂದ ಮೊದಲು ನೋಡಬೇಕಾದದ್ದು ಎತ್ತರ. ತಿಕ್ಕುವವರು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಮೇಜಿಗೆ ತಾಗುವಂತಿರಬೇಕು. ಐದು ಅಡಿ ಎತ್ತರದ ಹೆಣ್ಣುಮಗಳಿಗೆ ಇದು ಸುಮಾರು 60ರಿಂದ 65 ಸೆಂಟಿಮೀಟರ್ ಆದರೆ, ಐದೂಮುಕ್ಕಾಲು ಅಡಿಯವರಿಗೆ 70ರ ಮೇಲಾಗುತ್ತದೆ. ಬಲವಾಗಿ ಒತ್ತುವವರಿಗೆ ಇನ್ನೂ ಒಂದೆರಡು ಅಂಗುಲ ತಗ್ಗಿರುವುದು ಲೇಸು. ಆಗ ತೋಳಿನ ಬಲಕ್ಕಿಂತ ಮೈಭಾರವೇ ಕೆಲಸ ಮಾಡುತ್ತದೆ. ಮನೆಯಲ್ಲಿ ಇಬ್ಬರು ಮೂವರು ತಿಕ್ಕುವುದಾದರೆ ಕಾಲಿನ ಎತ್ತರವನ್ನು ಬದಲಿಸಬಹುದಾದ ಮೇಜೇ ಬೇಕು. ಈ ಎತ್ತರಕ್ಕೆ ವಯಸ್ಸಾದವರು ಹತ್ತುವುದು ಕಷ್ಟವಾದ್ದರಿಂದ ಅಲುಗಾಡದ ಒಂದು ಮೆಟ್ಟುಮಣೆಯನ್ನೂ ಜೊತೆಗಿಡಿ.

ಅಗಲ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು ಗ್ರಹಿಕೆ. 75 ಸೆಂಟಿಮೀಟರಿಗೂ ಮೀರಿದರೆ ಗಿಡ್ಡನೆಯವರು ಆಚೆ ಬದಿಗೆ ಬಾಗಿ ಬಾಗಿ ಸೋಲುತ್ತಾರೆ. ತೀರ ಕಿರಿದಾದರೆ ಮಲಗಿದವರ ಕೈ ಜೋತುಬೀಳುತ್ತದೆ. ಸುಮಾರು 70 ಸೆಂಟಿಮೀಟರ್ ಅಗಲ, 185 ಸೆಂಟಿಮೀಟರ್ ಉದ್ದವಿದ್ದರೆ ಹೆಚ್ಚಿನವರಿಗೆ ಸಾಕು. ಮುಖ ಇರಿಸಲು ರಂಧ್ರವಿದ್ದರೆ ಕವುಚಿ ಮಲಗಿದಾಗ ಕುತ್ತಿಗೆ ತಿರುಚಬೇಕಾಗಿಲ್ಲ.

ಕಾಲು, ಕೀಲು, ಹಲಗೆ

ಮರದ ಕಾಲಿನ ಮೇಜು ಅಲುಗುವುದು ಕಡಿಮೆ, ಆದರೆ ಭಾರ ಹೆಚ್ಚು. ಅಲ್ಯೂಮಿನಿಯಂ ಕಾಲಿನದು ಹಗುರ, ತುಕ್ಕಿನ ಭಯವೂ ಇಲ್ಲ. ಮಡಚುವ ಮೇಜುಗಳು ಸಾಮಾನ್ಯವಾಗಿ 12ರಿಂದ 20 ಕಿಲೋ ತೂಗುತ್ತವೆ. ಅಂಗಡಿಯ ನುಣುಪು ನೆಲದ ಮೇಲೆ ಎತ್ತಿದಾಗ ಹಗುರವೆನಿಸಿದ್ದು ತೋಟದ ಏರುದಾರಿಯಲ್ಲಿ ಹಾಗಿರದು. ನೂರು ಹೆಜ್ಜೆ ಹೊತ್ತು ನಡೆದು ನೋಡಿ.

ಮಡಚುವ ಮೇಜಿನ ದುರ್ಬಲ ಸ್ಥಳ ನಡುವಿನ ಕೀಲು. ಅಲ್ಲಿ ಉದ್ದನೆಯ ಗಟ್ಟಿ ತಿರುಗಣಿ ಇರಬೇಕು, ಕೆಳಗೆ ಎರಡೂ ಬದಿಯ ಕಾಲುಗಳನ್ನು ಬಿಗಿಯುವ ಉಕ್ಕಿನ ತಂತಿಹಗ್ಗವಿರಬೇಕು. ಮಾರುವವರು ‘ಮುನ್ನೂರು ಕಿಲೋ ತಡೆಯುತ್ತದೆ’ ಎಂದರೆ ಅದು ಅಲುಗದೆ ನಿಂತ ಭಾರವೋ, ಒತ್ತಿ ತಿಕ್ಕುವಾಗಿನ ಭಾರವೋ ಎಂದು ಕೇಳಿ. ಎರಡನೆಯದೇ ನಮಗೆ ಬೇಕಾದ ಲೆಕ್ಕ. ಮೇಜಿನ ತುದಿಯಲ್ಲಿ ಯಾರನ್ನೂ ಕೂರಿಸಬೇಡಿ. ಆ ತುದಿ ಕುಸಿದು ಇನ್ನೊಂದು ತುದಿ ಮೇಲೇಳಬಹುದು. ವಸ್ತಾದರು ‘ನಡುವ ಕುಂದರ್ರಿ’ ಎಂದದ್ದು ಅದಕ್ಕೇ.

ಮಲೆನಾಡಿನ ಮಳೆಗಾಲಕ್ಕೆ ಸಾಮಾನ್ಯ ಪ್ಲೈವುಡ್ ಪದರ ಬಿಚ್ಚಿಕೊಳ್ಳುತ್ತದೆ. ನೀರು ತಡೆಯುವ ದರ್ಜೆಯದೇ ಎಂದು ಕೇಳಿ ತಿಳಿಯಿರಿ, ಐ.ಎಸ್. 710 ಗುರುತಿನದು ಸಿಕ್ಕರೆ ಉತ್ತಮ. ಮೆತ್ತೆ ಎರಡು ಅಂಗುಲಕ್ಕೆ ಕಡಿಮೆಯಿರದೆ, ಬೆರಳಿನಿಂದ ಅದುಮಿದರೆ ಹಲಗೆ ತಾಗದಷ್ಟು ಬಿಗಿಯಾಗಿರಲಿ. ಅಗ್ಗದ ರೆಕ್ಸಿನ್ ಎಣ್ಣೆ ತಾಗಿ ತಾಗಿ ಬಿರುಸಾಗಿ ಸೀಳುತ್ತದೆ. ಪಾಲಿಯುರಿಥೇನ್ ಹೊದಿಕೆ ಹೆಚ್ಚು ಬಾಳುತ್ತದೆ. ಯಾವುದೇ ಇರಲಿ, ಮೇಲೆ ಹಳೆಯ ಪಂಚೆ ಹಾಸಿ, ಕೆಲಸ ಮುಗಿದೊಡನೆ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಆಷಾಢದಲ್ಲಿ ಚೀಲದೊಳಗೇ ಬಿಟ್ಟರೆ ಬೂಷ್ಟು ಖಂಡಿತ.

ಮನೆಯಲ್ಲೇ ಇರುವುದಾದರೆ

ಮೇಜು ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರುವುದಾದರೆ ಮಡಚುವ ಮೇಜು ಬೇಕೇ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಹಣ ಕೊಡುವುದು ಆ ಮಡಿಕೆಗೆ, ಮುರಿಯುವುದೂ ಅದೇ. ಊರಿನ ಆಚಾರಿಯಿಂದ ಚೆನ್ನಾಗಿ ಒಣಗಿದ ಹಲಸು ಅಥವಾ ತೇಗದ ಮರದಲ್ಲಿ, ಮೇಲೆ ಹೇಳಿದ ಅಳತೆಗೆ ಒಂದು ಗಟ್ಟಿ ಬೆಂಚು ಮಾಡಿಸಿ, ದಪ್ಪ ಹಾಸಿಗೆ ಹಾಸಿದರೆ ಆಯಿತು. ತೋಟದಲ್ಲಿ ಕಡಿದ ಸಿಲ್ವರ್ ಓಕನ್ನು ಹಸಿಯಾಗಿಯೇ ಬಳಸಬೇಡಿ. ಒಣಗುತ್ತ ತಿರುಚಿ ಕಾಲು ಸಡಿಲವಾದೀತು. ಮನೆಯಿಂದ ಮನೆಗೆ ಹೋಗಿ ತಿಕ್ಕುವವರಿಗೆ, ಅಥವಾ ಹಲವು ಮನೆಗಳು ಸೇರಿ ಬಳಸುವುದಕ್ಕೆ ಮಾತ್ರ ಮಡಚುವ ಮೇಜು ಸಾರ್ಥಕ.

ಮೇಜು ಹತ್ತಿಸಬಾರದವರು

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮೇಜು ಮನೆಗೆ ಬಂದೊಡನೆ ಪ್ರತಿ ನೋವಿಗೂ ತಿಕ್ಕುವ ಉತ್ಸಾಹ ಹುಟ್ಟುತ್ತದೆ. ಅಡಿಕೆ ಮರದಿಂದಲೋ ಏಣಿಯಿಂದಲೋ ಬಿದ್ದವರನ್ನು, ನಡೆದು ಬಂದರೂ ಸರಿಯೇ, ವೈದ್ಯರು ಪರೀಕ್ಷಿಸಿ ಮೂಳೆ ಮುರಿದಿಲ್ಲವೆಂದು ಹೇಳುವ ತನಕ ತಿಕ್ಕಲೇಬಾರದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಒಂದು ತಪ್ಪು ಒತ್ತಡ ಜೀವಮಾನದ ಊನವಾಗಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಎರವಾದೀತು. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದು ಬಲಗುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಜ್ವರ, ಚರ್ಮದ ಸೋಂಕು ಇದ್ದಾಗಲೂ ಎಣ್ಣೆ ಬೇಡ.

ಸಂಘ ಮಾಡಬಹುದಾದದ್ದು

ಒಂದೊಂದು ಮನೆಯೂ ಒಂದೊಂದು ಮೇಜು ಕೊಂಡು ಅಟ್ಟದ ಮೇಲೆ ಎಸೆಯುವುದಕ್ಕಿಂತ, ಔಷಧಿ ಸಿಂಪಡಿಸುವ ಯಂತ್ರವನ್ನು ಹಲವರು ಸೇರಿ ಬಳಸುವಂತೆ, ಹತ್ತು ಮನೆಗೊಂದು ಒಳ್ಳೆಯ ಮೇಜನ್ನು ಪುಸ್ತಕದಲ್ಲಿ ಬರೆದಿಟ್ಟು ಕೊಡುವ ಏರ್ಪಾಡು ಸಾಧ್ಯ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ವಿಚಾರವನ್ನು ಪ್ರಸ್ತಾಪಿಸಬೇಕೆಂದು ಕೋರುತ್ತೇವೆ. ಸಭೆಗೆ ಬರುವಾಗ ಮನೆಯಲ್ಲಿ ಎಣ್ಣೆ ತಿಕ್ಕುವವರ ಅಭಿಪ್ರಾಯವನ್ನೂ, ಅವರ ಮುಷ್ಟಿಯ ಎತ್ತರದ ಅಳತೆಯನ್ನೂ ತನ್ನಿ. ಎಂಥ ಮೇಜು ಬೇಕೆಂದು ಹೇಳಬೇಕಾದವರು ಅವರೇ.